ಸ್ವಂತ ಮೇಲ್ ಸರ್ವರ್: ಮೊದಲು ಹೆಸರು, ಆಮೇಲೆ ಪೋಸ್ಟ್‌ಫಿಕ್ಸ್

ನಾನು ಮಾಡಿದ ತಪ್ಪು ಇದು: ಹುರುಪಿನಲ್ಲಿ ಮೊದಲು ಪೋಸ್ಟ್‌ಫಿಕ್ಸ್ (ಮೇಲ್ ಕಳಿಸುವ, ಬಂದದ್ದನ್ನು ತೆಗೆದುಕೊಳ್ಳುವ ತಂತ್ರಾಂಶ) ಹಾಕಿಕೊಂಡು ಕೂತೆ. ಒಂದೇ ಸಂಜೆಯಲ್ಲಿ ಮೇಲ್ ಒಳಗೆ ಬರತೊಡಗಿತು. ಹೊರಗೆ ಮಾತ್ರ ಒಂದೂ ಹೋಗಲಿಲ್ಲ. ಮೇಲ್‌ಕ್ಯೂ (ಹೊರಡಲು ಕಾದಿರುವ ಮೇಲ್‌ಗಳ ಪಟ್ಟಿ) ನೋಡಿದರೆ ಎಲ್ಲವೂ ಸಾಲಾಗಿ ಕೂತಿವೆ, ಪ್ರತಿಯೊಂದರ ಕೆಳಗೂ ‘ಕನೆಕ್ಷನ್ ಟೈಮ್ಡ್ ಔಟ್’. ಸರ್ವರ್ ಬಾಡಿಗೆಗೆ ಕೊಟ್ಟವರು ಹೊರಹೋಗುವ 25ನೇ ಪೋರ್ಟನ್ನೇ, ಅಂದರೆ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಮೇಲ್ ಹೋಗುವ ಬಾಗಿಲನ್ನೇ, ಮುಚ್ಚಿದ್ದರು. ಸ್ಪ್ಯಾಮ್ ಕಾಟಕ್ಕೆ ಎಷ್ಟೋ ಕಡೆ ಹೀಗೇ ಮಾಡುತ್ತಾರೆ.

ಹಾಗಾಗಿ ದುಡ್ಡು ಕಟ್ಟುವ ಮುಂಚೆ ಎರಡು ಮಾತು ಕೇಳಿ. 25 ತೆರೆದುಕೊಡುತ್ತೀರಾ? ಪಿಟಿಆರ್ ರೆಕಾರ್ಡ್ (ಸರ್ವರ್‌ನ ಐಪಿ, ಅಂದರೆ ಅಂಕಿಯ ವಿಳಾಸ, ಯಾವ ಹೆಸರಿನದು ಎಂದು ಹೇಳುವ ದಾಖಲೆ) ಹಾಕಲು ಬಿಡುತ್ತೀರಾ? ಪಿಟಿಆರ್ ಇರುವುದು ಡೊಮೇನ್ ಕೊಂಡವರ ಹತ್ತಿರ ಅಲ್ಲ, ಐಪಿ ಕೊಟ್ಟವರ ಹತ್ತಿರ.

ಈಗ ಸರ್ವರ್‌ಗೆ ‘ಮೇಲ್.ನಿಮ್ಮ-ಡೊಮೇನ್’ ತರಹದ ಒಂದು ಪೂರ್ತಿ ಹೆಸರು ಇಡಿ. ಎ ರೆಕಾರ್ಡ್ ಆ ಹೆಸರಿನಿಂದ ಐಪಿಗೆ, ಪಿಟಿಆರ್ ಆ ಐಪಿಯಿಂದ ಅದೇ ಹೆಸರಿಗೆ. ಎಂಎಕ್ಸ್ (ಡೊಮೇನ್‌ನ ಮೇಲ್ ಯಾವ ಸರ್ವರ್‌ಗೆ ಬರಬೇಕು ಎಂದು ಹೇಳುವ ರೆಕಾರ್ಡ್) ಕೂಡ ಅದನ್ನೇ ತೋರಿಸಲಿ, ಪೋಸ್ಟ್‌ಫಿಕ್ಸ್‌ನ ಮೈಹೋಸ್ಟ್‌ನೇಮ್ ಸೆಟ್ಟಿಂಗ್ ಕೂಡ ಅದೇ ಇರಲಿ. ಒಂದು ಕಡೆ ಬೇರೆಯಾದರೂ ದೊಡ್ಡ ಮೇಲ್ ಕಂಪನಿಗಳಿಗೆ ಅನುಮಾನ ಬರುತ್ತದೆ.

ಪೋಸ್ಟ್‌ಫಿಕ್ಸ್‌ನಲ್ಲಿ ಮೈನೆಟ್‌ವರ್ಕ್ಸ್ ಸಾಲಿಗೆ (ಪಾಸ್‌ವರ್ಡ್ ಇಲ್ಲದೆ ಮೇಲ್ ಕಳಿಸಬಹುದಾದ ವಿಳಾಸಗಳ ಪಟ್ಟಿ) ಲೋಕಲ್‌ಹೋಸ್ಟ್, ಅಂದರೆ ಆ ಸರ್ವರನ್ನೇ, ಬಿಟ್ಟು ಏನೂ ಸೇರಿಸಬೇಡಿ. ಅಲ್ಲಿ ಕೈ ಸಡಿಲ ಬಿಟ್ಟರೆ ಸರ್ವರ್ ಓಪನ್ ರಿಲೇ ಆಗುತ್ತದೆ, ಊರವರ ಸ್ಪ್ಯಾಮ್ ಎಲ್ಲ ನಿಮ್ಮ ಹೆಸರಲ್ಲೇ! ನೀವು ಕಳಿಸುವುದು 587ನೇ ಪೋರ್ಟಿನಲ್ಲಿ, ಪಾಸ್‌ವರ್ಡ್ ಕೊಟ್ಟೇ. ಆ ಪಾಸ್‌ವರ್ಡ್ ನೋಡುವ ಕೆಲಸ ಡವ್‌ಕಾಟ್ ಎಂಬ ಇನ್ನೊಂದು ತಂತ್ರಾಂಶಕ್ಕೆ ವಹಿಸಿ. ಮೇಲ್ ಓದಲು ಕೊಡುವುದೂ ಅದೇ, 993ರಲ್ಲಿ.

ಎಸ್‌ಪಿಎಫ್ (ನಿಮ್ಮ ಡೊಮೇನ್ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಎಂದು ಹೇಳುವ ರೆಕಾರ್ಡ್) ಸುಲಭ, ಆದರೆ ಒಂದು ಡೊಮೇನ್‌ಗೆ ಒಂದೇ ಸಾಲು. ಎರಡು ಹಾಕಿದರೆ ಎರಡೂ ಕೆಡುತ್ತವೆ. ತಲೆ ತಿಂದಿದ್ದು ಡಿಕಿಮ್, ಅಂದರೆ ಮೇಲ್‌ಗೆ ಡಿಜಿಟಲ್ ಸಹಿ ಹಾಕುವ ವ್ಯವಸ್ಥೆ. ಸಹಿ ಪರೀಕ್ಷಿಸಲು ಡೊಮೇನ್‌ನಲ್ಲಿ ಇಡುವ 2048 ಬಿಟ್‌ನ ಕೀ ತುಂಬಾ ಉದ್ದ, ಅದು ಕೂರುವ ಟಿಎಕ್ಸ್‌ಟಿ (ಪಠ್ಯ) ರೆಕಾರ್ಡ್‌ನ ಒಂದು ತುಂಡಿನಲ್ಲಿ ಹಿಡಿಯುವುದು 255 ಅಕ್ಷರ. ರೆಕಾರ್ಡ್ ತುಂಬುವ ನನ್ನ ಪ್ಯಾನೆಲ್ ಸುಮ್ನೆ ಬಾಲ ಕತ್ತರಿಸಿ ‘ಸೇವ್ ಆಯಿತು’ ಅಂದುಬಿಟ್ಟಿತ್ತು. ಎರಡು ದಿನ ಕಾನ್ಫಿಗ್ ಫೈಲ್ ಬೈದೆ. ಕೊನೆಗೆ ರೆಕಾರ್ಡ್ ತೋರಿಸುವ ಡಿಗ್ ಕಮಾಂಡ್ ಹೊಡೆದು ಕೀಯನ್ನು ಪಕ್ಕದಲ್ಲಿಟ್ಟು ನೋಡಿದರೆ ಅರ್ಧ ಸಾಲೇ ಇಲ್ಲ. ಎರಡು ತುಂಡು ಮಾಡಿ, ಎರಡನ್ನೂ ಬೇರೆ ಬೇರೆ ಉದ್ಧರಣ ಚಿಹ್ನೆಯೊಳಗೆ ಹಾಕಿದ ಮೇಲೆ ಸರಿಹೋಯಿತು. ಡಿಮಾರ್ಕ್ (ಈ ಪರೀಕ್ಷೆಗಳಲ್ಲಿ ಸೋತ ಮೇಲನ್ನು ಏನು ಮಾಡಬೇಕು ಎಂಬ ಸೂಚನೆ) ಪಾಲಿಸಿ ಸದ್ಯಕ್ಕೆ ‘none’, ಅಂದರೆ ಏನೂ ಮಾಡಬೇಡಿ ಅಂತಲೇ, ಇರಲಿ. ವರದಿಗಳನ್ನು ನೋಡಿಕೊಂಡು ಬಿಗಿ ಮಾಡಿ.

ಟಿಎಲ್‌ಎಸ್‌ಗೆ (ದಾರಿಯಲ್ಲಿ ಯಾರೂ ಓದದಂತೆ ಸಂಪರ್ಕವನ್ನು ಗೂಢಲಿಪಿ ಮಾಡುವುದು) ಲೆಟ್ಸ್ ಎನ್‌ಕ್ರಿಪ್ಟ್ ಕೊಡುವ ಸರ್ಟಿಫಿಕೇಟ್ ಸಾಕು. ಸರ್ಟಿಫಿಕೇಟ್ ಹೊಸದಾದಾಗ ಪೋಸ್ಟ್‌ಫಿಕ್ಸ್, ಡವ್‌ಕಾಟ್ ಎರಡೂ ರಿಲೋಡ್ ಆಗುವಂತೆ ಹುಕ್ (ಆ ಹೊತ್ತಿಗೆ ತಾನಾಗಿ ಓಡುವ ಕಮಾಂಡ್) ಹಾಕಿಡಿ. ಇಲ್ಲದಿದ್ದರೆ ಡಿಸ್ಕ್‌ನಲ್ಲಿ ಹೊಸದು, ಫೋನ್‌ಗೆ ಸಿಗುವುದು ಹಳೆಯದು.

ರಾತ್ರಿ ಸರ್ವರ್ ಬಿದ್ದರೆ ಗಾಬರಿಯಾಗಿ ಏಳಬೇಡಿ. ಕಳಿಸಿದವರ ಸರ್ವರ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಅದೂ ಪೋಸ್ಟ್‌ಫಿಕ್ಸ್ ಆಗಿದ್ದು, ಸೆಟ್ಟಿಂಗ್ ಮುಟ್ಟಿರದಿದ್ದರೆ 5 ದಿನ ಬಿಡದೆ ಬಾಗಿಲು ತಟ್ಟುತ್ತದೆ. ಬೆಳಿಗ್ಗೆ ನೋಡಿದರಾಯಿತು.