ಬೆಂಗಳೂರಿನ ಕೆಲಸಕ್ಕೆ ಸಂಬಳ ಕೇಳುವ ಬಗೆ

ಮಂಗಳೂರು, ಉಡುಪಿ ಕಡೆಯ ಸಾಫ್ಟ್‌ವೇರ್ ಎಂಜಿನಿಯರುಗಳು ಬೆಂಗಳೂರಿನ ಕೆಲಸಕ್ಕೆ ಅರ್ಜಿ ಹಾಕಿದರೆ ಎಚ್‌ಆರ್ ವಿಭಾಗದಿಂದ ಬರುವ ಮೊದಲ ಕರೆಯಲ್ಲೇ ಒಂದು ಪ್ರಶ್ನೆ ಇರುತ್ತದೆ: ‘ಈಗಿನ ಸಂಬಳ ಎಷ್ಟು?’ ಹೇಳಿದ ಮೊತ್ತಕ್ಕೆ ಶೇಕಡಾ ಮೂವತ್ತೋ ನಲವತ್ತೋ ಸೇರಿಸಿದರೆ ಆಫರ್ ಸಿದ್ಧ. ಊರಿನಲ್ಲಿ ಕಡಿಮೆಗೆ ದುಡಿದವರು ಆ ಕಡಿಮೆಯನ್ನೂ ಹೊತ್ತುಕೊಂಡೇ ಶಿರಾಡಿ ಘಾಟಿ ಹತ್ತುತ್ತಾರೆ. ನನ್ನ ಊರು ಬ್ರಹ್ಮಾವರ. ಬೆಂಗಳೂರಿನಲ್ಲಿ ಒಂದು ತಂಡ ನಡೆಸುತ್ತೇನೆ, ಸಂದರ್ಶನಗಳಿಗೂ ಕೂರುತ್ತೇನೆ. ಸಂದರ್ಶನದಲ್ಲಿ ಎಲ್ಲರಿಗಿಂತ ಚೆನ್ನಾಗಿ ಉತ್ತರಿಸಿದ ನಮ್ಮ ಕಡೆಯ ಹುಡುಗಿ ತಂಡದಲ್ಲೇ ಅತಿ ಕಡಿಮೆ ಸಂಬಳಕ್ಕೆ ಸೇರುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ನೀವು ಮಾಡಬೇಕಾದ ಲೆಕ್ಕ ಎರಡು. ಬೆಂಗಳೂರಿನ ಖರ್ಚಿನ ಲೆಕ್ಕ ನಿಮಗೆ ಮಾತ್ರ. ಯಾವ ಮೊತ್ತಕ್ಕಿಂತ ಕೆಳಗೆ ಒಪ್ಪಬಾರದು ಎಂದು ಅದು ಹೇಳುತ್ತದೆ. ಕಂಪನಿಯ ಮುಂದೆ ಇಡಬೇಕಾದದ್ದು ಆ ಹುದ್ದೆಗೆ ಬೆಂಗಳೂರಿನಲ್ಲಿ ನಡೆಯುತ್ತಿರುವ ದರ. ಇವೆರಡನ್ನು ಬೆರೆಸಿ ‘ಅಲ್ಲಿ ಬಾಡಿಗೆ ಬಹಳ, ಸ್ವಲ್ಪ ಹೆಚ್ಚು ಕೊಡಿ’ ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಬಾಡಿಗೆ ತಂಡದ ಎಲ್ಲರಿಗೂ ಇದೆ ಎಂದು ಅವರು ಹೇಳಿದರೆ ನಿಮ್ಮ ಬಳಿ ಉತ್ತರವಿರುವುದಿಲ್ಲ.

ಖರ್ಚಿನ ಲೆಕ್ಕವನ್ನು ಸಿಟಿಸಿಯಿಂದ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಆರಂಭಿಸಬೇಡಿ, ಕೈಗೆ ಬರುವ ಹಣದಿಂದ ಆರಂಭಿಸಿ. ಮಂಗಳೂರಿನ ಕಾವೂರಿನಲ್ಲಿರುವ ನನ್ನ ಚಿಕ್ಕಮ್ಮನ ಮಗನಿಗೆ ಅಲ್ಲಿ ಸಿಟಿಸಿ 8 ಲಕ್ಷ ಇತ್ತು. ಬೆಂಗಳೂರಿನಿಂದ 11 ಲಕ್ಷದ ಆಫರ್ ಬಂದ ದಿನವೇ ಫೋನ್ ಮಾಡಿದ: ‘ಅಕ್ಕ, ಶೇಕಡಾ 37ಕ್ಕಿಂತ ಹೆಚ್ಚು ಏರಿಕೆ!’ ಇಬ್ಬರೂ ಕೂತು ಬಿಡಿಸಿ ನೋಡಿದೆವು. ಎರಡೂ ಕಡೆ ಮೂಲ ವೇತನ ಸಿಟಿಸಿಯ ಅರ್ಧ. ಮೂಲ ವೇತನದ ಶೇಕಡಾ 12ರಷ್ಟು ಕಂಪನಿಯ ಪಿಎಫ್ ಪಾಲು, ಶೇಕಡಾ 4.81ರಷ್ಟು ಗ್ರಾಚ್ಯುಟಿ. ಇವು ಸಿಟಿಸಿಯ ಒಳಗೇ ಸೇರಿರುತ್ತವೆ, ತಿಂಗಳಿಗೆ ಕೈಗೆ ಬರುವುದಿಲ್ಲ. ನಮ್ಮ ಪಾಲಿನ ಪಿಎಫ್ ಶೇಕಡಾ 12 ಬೇರೆ ಕಡಿತವಾಗುತ್ತದೆ, ಜತೆಗೆ ವೃತ್ತಿ ತೆರಿಗೆ. ಹೀಗೆ ಕಳೆದಾಗ ಮಂಗಳೂರಿನ ಸಂಬಳ ಕೈಗೆ ಸುಮಾರು 56,800 ರೂಪಾಯಿ. ಬೆಂಗಳೂರಿನ 11 ಲಕ್ಷದಲ್ಲಿ 1.1 ಲಕ್ಷ ವೇರಿಯಬಲ್, ಅಂದರೆ ಸಾಧನೆ ನೋಡಿ ಕೊಡುವ ಭಾಗ. ವರ್ಷದ ಕೊನೆಗೆ ಬಂದರೆ ಬಂತು. ಉಳಿದದ್ದು ಕೈಗೆ ಸುಮಾರು 69,000. ಶೇಕಡಾ 37 ಎಂದು ಕಂಡದ್ದು ತಿಂಗಳಿಗೆ 12,200 ರೂಪಾಯಿಯಾಗಿ ಇಳಿಯಿತು.

ಕಾವೂರಿನಲ್ಲಿ ಅವನಿಗೆ ಬಾಡಿಗೆ ಸೊನ್ನೆ, ಊಟ ಮನೆಯದು, ನೀರು ಬಾವಿಯದು. ಬೆಂಗಳೂರಿನಲ್ಲಿ ಸ್ನೇಹಿತನೊಂದಿಗೆ ಹಂಚಿಕೊಳ್ಳುವ ಮನೆಯಲ್ಲಿ ಅವನ ಪಾಲು 15,000, ಊಟ ತಿಂಡಿಗೆ 8,000, ಓಡಾಟಕ್ಕೆ 3,000, ತಿಂಗಳಿಗೊಮ್ಮೆ ಊರಿಗೆ ಬಂದು ಹೋಗಲು 3,000. ಒಟ್ಟು 29,000 ಹೆಚ್ಚುವರಿ ಖರ್ಚು. ಅಂದರೆ ಆ ಆಫರ್ ಒಪ್ಪಿದ್ದರೆ ಮಂಗಳೂರಿನಲ್ಲಿ ಉಳಿಯುತ್ತಿದ್ದುದಕ್ಕಿಂತ ತಿಂಗಳಿಗೆ ಹದಿನಾರು ಸಾವಿರಕ್ಕೂ ಹೆಚ್ಚು ಕಡಿಮೆ ಉಳಿಯುತ್ತಿತ್ತು. ತಿರುಗಿಸಿ ಲೆಕ್ಕ ಹಾಕಿದರೆ ಮಂಗಳೂರಿನಷ್ಟೇ ಉಳಿತಾಯಕ್ಕೆ ವೇರಿಯಬಲ್ ಬಿಟ್ಟು 12 ಲಕ್ಷಕ್ಕೂ ತುಸು ಹೆಚ್ಚು ಬೇಕು. ಅವನ ತಳಮಿತಿ ಅದು. ನಿಮ್ಮದು ಬೇರೆ ಇರಬಹುದು, ಆದರೆ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

‘ಬೆಂಗಳೂರಿಗೆಂದು ಮನೆ ಬಾಡಿಗೆ ಭತ್ಯೆ ಹೆಚ್ಚು ಹಾಕಿದ್ದೇವೆ’ ಎಂದು ಯಾರಾದರೂ ಹೇಳಿದರೆ ಮರುಳಾಗಬೇಡಿ. ಹೊಸ ತೆರಿಗೆ ಪದ್ಧತಿಯಲ್ಲಿ ಆ ಭತ್ಯೆಗೆ ವಿನಾಯಿತಿಯೇ ಇಲ್ಲ. ಆ ಪದ್ಧತಿಯಲ್ಲಿ 2025–26ರಿಂದ 12.75 ಲಕ್ಷದವರೆಗಿನ ಸಂಬಳಕ್ಕೆ ಆದಾಯ ತೆರಿಗೆ ಬೀಳುವುದಿಲ್ಲ. ಅದನ್ನು ದಾಟುವವರು ತೆರಿಗೆಯನ್ನೂ ಕಳೆದು ನೋಡಬೇಕು.

ಬಾಡಿಗೆ ಅಂದಾಜು ಮಾಡುವ ಮೊದಲು ಕಚೇರಿ ಯಾವ ಬಡಾವಣೆಯಲ್ಲಿದೆ, ವಾರಕ್ಕೆ ಎಷ್ಟು ದಿನ ಹೋಗಬೇಕು ಎಂದು ಕೇಳಿ. ವೈಟ್‌ಫೀಲ್ಡ್ ಆದರೆ ನೇರಳೆ ಮೆಟ್ರೊ ಮಾರ್ಗವಿದೆ. ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್‌ನಿಂದ ಹಳದಿ ಮಾರ್ಗ. ಮೆಟ್ರೊ ಇಲ್ಲದ ಕಡೆ ಕಚೇರಿಯ ಹತ್ತಿರವೇ ಮನೆ ಹಿಡಿಯಬೇಕಾಗುತ್ತದೆ, ಬಾಡಿಗೆ ಅದಕ್ಕೆ ತಕ್ಕಂತೆ.

ಇನ್ನು ಕಂಪನಿಯ ಜತೆಗಿನ ಮಾತು. ಹುದ್ದೆಯ ದರ ತಿಳಿಯಲು ಆಂಬಿಷನ್‌ಬಾಕ್ಸ್, ಗ್ಲಾಸ್‌ಡೋರ್ ಜಾಲತಾಣಗಳನ್ನು ನೋಡಬಹುದು. ಆದರೆ ಸುರತ್ಕಲ್, ನಿಟ್ಟೆ, ಮಣಿಪಾಲದಲ್ಲಿ ನಿಮ್ಮ ಜತೆ ಓದಿ ಈಗ ಬೆಂಗಳೂರಿನಲ್ಲಿರುವವರನ್ನು ಕೇಳುವುದು ಅದಕ್ಕಿಂತ ಮೇಲು. ಸಂಬಳ ಕೇಳುವುದು ಮರ್ಯಾದೆಯಲ್ಲ ಎಂದು ನಮ್ಮ ಮನೆಗಳಲ್ಲಿ ಕಲಿಸಿದ್ದಾರೆ. ಈ ಒಂದು ವಿಷಯದಲ್ಲಿ ಆ ಪಾಠವನ್ನು ಪಕ್ಕಕ್ಕಿಡಿ. ‘ನಿನ್ನದೆಷ್ಟು’ ಎಂದು ಕೇಳಲು ಮುಜುಗರವಾದರೆ ‘ಐದು ವರ್ಷ ಅನುಭವದ ಬ್ಯಾಕೆಂಡ್ ಎಂಜಿನಿಯರಿಗೆ ನಿಮ್ಮಲ್ಲಿ ಎಷ್ಟರಿಂದ ಎಷ್ಟರವರೆಗೆ ಕೊಡುತ್ತಾರೆ’ ಎಂದು ಕೇಳಿ. ಸಂತೋಷದಿಂದ ಹೇಳುತ್ತಾರೆ.

ಎಚ್‌ಆರ್ ಈಗಿನ ಸಂಬಳ ಕೇಳಿದಾಗ ಮೊದಲು ನಿಮ್ಮ ನಿರೀಕ್ಷೆ ಹೇಳಿ, ಆ ಹುದ್ದೆಯ ಶ್ರೇಣಿ ಕೇಳಿ. ಪಟ್ಟು ಹಿಡಿದರೆ ನಿಜವನ್ನೇ ಹೇಳಿ. ಸಂಬಳ ಚೀಟಿ, ಫಾರ್ಮ್ 16 (ಕಂಪನಿ ಕೊಡುವ ತೆರಿಗೆ ಕಡಿತದ ಪ್ರಮಾಣಪತ್ರ) ಕೇಳುತ್ತಾರೆ, ಸುಳ್ಳು ಸಿಕ್ಕಿಬಿದ್ದರೆ ಕೆಲಸವೇ ಹೋಗುತ್ತದೆ. ಆದರೆ ಸಂಖ್ಯೆ ಹೇಳಿದ ಉಸಿರಿನಲ್ಲೇ ಹೀಗೆ ಸೇರಿಸಿ: ‘ಅದು ಮಂಗಳೂರಿನ ಹುದ್ದೆಯ ಸಂಬಳ. ನಾನು ಸೇರುವುದು ಬೆಂಗಳೂರಿನ ತಂಡಕ್ಕೆ, ಅಲ್ಲಿ ಇದೇ ಕೆಲಸಕ್ಕಿರುವ ಶ್ರೇಣಿಯಲ್ಲಿ ನನ್ನನ್ನು ಪರಿಗಣಿಸಬೇಕು. ವೇರಿಯಬಲ್ ಹೊರತಾಗಿ 13.5 ಲಕ್ಷ ನನ್ನ ನಿರೀಕ್ಷೆ.’ ಹೇಳಿ ಸುಮ್ಮನಾಗಿ. ಮೌನಕ್ಕೆ ಹೆದರಿ ‘ಪರವಾಗಿಲ್ಲ, ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ’ ಎಂದು ತಾವಾಗಿಯೇ ಇಳಿಯುವವರನ್ನು ನಾನು ಬಹಳ ಕಂಡಿದ್ದೇನೆ. ಆ ಕಡೆಯವರು ಆಗ ಇನ್ನೂ ಬೇಡ ಎಂದಿರುವುದೇ ಇಲ್ಲ. ಚಿಕ್ಕಮ್ಮನ ಮಗ ಈ ಮಾತನ್ನು ಎರಡು ಸಲ, ದನಿ ಏರಿಸದೆ ಹೇಳಿದ. ವೇರಿಯಬಲ್ ಬೇರೆಯಾಗಿ 12.6 ಲಕ್ಷಕ್ಕೆ ಮಾತು ನಿಂತಿತು.

ಸಂಬಳ ಇನ್ನು ಏರದು ಎಂದು ಖಚಿತವಾದ ಮೇಲೆ ಒಂದೇ ಸಲದ ಖರ್ಚುಗಳನ್ನು ಕೇಳಿ. ಊರು ಬದಲಿಸುವ ಮಾತು ಇಲ್ಲಿ ಮಾತ್ರ ಉಪಯೋಗಕ್ಕೆ ಬರುತ್ತದೆ. ಬೆಂಗಳೂರಿನಲ್ಲಿ ಮನೆಗೆ ಐದಾರು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವವರಿದ್ದಾರೆ. ಅದಕ್ಕಾಗಿ ಸೇರ್ಪಡೆ ಬೋನಸ್, ಸಾಮಾನು ಸಾಗಣೆಯ ವೆಚ್ಚ, ಮೊದಲ ಎರಡು ವಾರ ವಸತಿ ಕೇಳಬಹುದು. ಈಗಿನ ಕಂಪನಿಯ ನೋಟಿಸ್ ಅವಧಿ 90 ದಿನವಿದ್ದು ಬೇಗ ಬರಲು ಹೇಳಿದರೆ ಉಳಿದ ದಿನಗಳ ಹಣವನ್ನು ಹೊಸ ಕಂಪನಿಯೇ ಕಟ್ಟಲಿ. ಬೋನಸ್ ಪಡೆಯುವಾಗ ಎಷ್ಟು ಅವಧಿಯೊಳಗೆ ಬಿಟ್ಟರೆ ಹಿಂದಿರುಗಿಸಬೇಕು ಎಂಬುದನ್ನು ಓದಿ. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ತಿಂಗಳಿಗೆ ಒಂದು ವಾರ ಊರಿನಿಂದ ಕೆಲಸ ಮಾಡುವ ಅನುಮತಿ. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದಾಗ, ಉಡುಪಿಯ ಕೃಷ್ಣಾಷ್ಟಮಿಯ ವಿಟ್ಲಪಿಂಡಿಗೆ ಬಸ್ ದರ ಗಗನಕ್ಕೇರಿದಾಗ ಅದರ ಬೆಲೆ ಗೊತ್ತಾಗುತ್ತದೆ.

ಅದೇ ಕಂಪನಿಯೊಳಗೆ ಮಂಗಳೂರಿನಿಂದ ಬೆಂಗಳೂರಿಗೆ ವರ್ಗವಾಗುವವರ ಕತೆ ಬೇರೆ. ಊರು ಯಾವುದೇ ಇರಲಿ ಒಂದೇ ಶ್ರೇಣಿ ಇಟ್ಟಿರುವ ಕಂಪನಿಯಲ್ಲಿ ವರ್ಗಾವಣೆಯ ಕಾರಣಕ್ಕೆ ಸಂಬಳ ಏರುವುದು ಕಷ್ಟ. ಸ್ಥಳಾಂತರದ ವೆಚ್ಚ ಕೇಳಿ, ಏರಿಕೆಯ ಮಾತನ್ನು ಬಡ್ತಿಯ ಜತೆ ಜೋಡಿಸಿ, ವ್ಯವಸ್ಥಾಪಕರಿಂದ ಅದರ ತಿಂಗಳನ್ನು ಬರಹದಲ್ಲಿ ಪಡೆಯಿರಿ.

ಆಫರ್ ಪತ್ರ ಬಂದಾಗ ಕೆಲಸದ ಸ್ಥಳ, ವೇರಿಯಬಲ್‌ನ ಷರತ್ತು, ನೋಟಿಸ್ ಅವಧಿ ಇವಿಷ್ಟನ್ನು ನಿಧಾನವಾಗಿ ಓದಿ. ತಿಂಗಳಿಗೆ ಒಂದು ವಾರ ಊರಿನಿಂದ ಕೆಲಸ ಎಂದು ಫೋನಿನಲ್ಲಿ ಒಪ್ಪಿದ ಮಾತು ಪತ್ರದಲ್ಲಿ ಇಲ್ಲದಿದ್ದರೆ ಇಮೇಲ್‌ನಲ್ಲಿ ಕೇಳಿ. ಅದಕ್ಕೆ ಉತ್ತರ ಬರುವವರೆಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.