ರಾಜಕೀಯ ಸಂದೇಶವಿರುವ ಸಿನಿಮಾವನ್ನು ಸಂಪ್ರದಾಯಸ್ಥ ಪ್ರೇಕ್ಷಕ ನೋಡಬೇಕಾದ ಬಗೆ

ಸಿನಿಮಾದಲ್ಲಿ ರಾಜಕೀಯ ಇರಲೇಬಾರದು ಎನ್ನುವ ಹಿರಿಯರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಮನೆ, ಮಠ, ಗುರುಹಿರಿಯರು ಎಂದರೆ ಗೌರವವಿಟ್ಟುಕೊಂಡು ಬೆಳೆದವರಿಗೆ, ಟಿಕೆಟ್ ಕೊಂಡು ಕುಳಿತ ಮೇಲೆ ಅವೆಲ್ಲವೂ ಗೇಲಿಗೆ ಗುರಿಯಾಗುವುದನ್ನು ಕಂಡರೆ ಸಿಟ್ಟು ಬರುವುದು ಸಹಜವೇ. ಆದರೂ ಆ ವಾದ ನಿಲ್ಲುವುದಿಲ್ಲ. 1972ರ ‘ಬಂಗಾರದ ಮನುಷ್ಯ’ದಲ್ಲಿ ಓದು ಮುಗಿಸಿದ ತರುಣನೊಬ್ಬ ಪೇಟೆಯ ನೌಕರಿಯ ಆಸೆ ಬಿಟ್ಟು, ಗಂಡನನ್ನು ಕಳೆದುಕೊಂಡ ಅಕ್ಕನ ಸಂಸಾರಕ್ಕೆ ಹೆಗಲು ಕೊಟ್ಟು, ಬಂಡೆಗಳಿಂದ ತುಂಬಿದ ನೆಲವನ್ನು ಹಸನು ಮಾಡುತ್ತಾನೆ, ಇದು ರಾಜಕೀಯವಲ್ಲದೆ ಮತ್ತೇನು? ಆ ಸಂದೇಶ ನಮಗೆ ಒಪ್ಪಿಗೆಯಾಗಿದ್ದುದರಿಂದ ಅದು ಸಂದೇಶವೆಂದೇ ನಮಗೆ ಅನ್ನಿಸಲಿಲ್ಲ, ಅಷ್ಟೆ. ಆದ್ದರಿಂದ ರಾಜಕೀಯ ಇದೆಯೇ ಇಲ್ಲವೇ ಎಂದು ನೋಡುವುದನ್ನು ಬಿಟ್ಟು, ಕಥೆಯು ತನ್ನ ರಾಜಕೀಯವನ್ನು ತಾನೇ ಪರೀಕ್ಷೆಗೆ ಒಡ್ಡಿದೆಯೇ ಎಂದು ನೋಡುವುದನ್ನು ರೂಢಿಸಿಕೊಳ್ಳಬೇಕು.

ಚಿತ್ರಮಂದಿರಕ್ಕೆ ಹೊರಡುವ ಮುನ್ನ ಮಾಡಬೇಕಾದದ್ದು ಹೆಚ್ಚೇನಿಲ್ಲ. ಮಕ್ಕಳನ್ನು ಕರೆದೊಯ್ಯುವುದಾದರೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರವನ್ನು ಗಮನಿಸಿ. 2023ರ ತಿದ್ದುಪಡಿಯ ನಂತರ ಯುಎ ವರ್ಗವು, ಅಂದರೆ ಮಕ್ಕಳು ಪೋಷಕರ ಮಾರ್ಗದರ್ಶನದಲ್ಲಿ ನೋಡಬಹುದಾದ ಚಿತ್ರಗಳ ವರ್ಗವು, 7, 13 ಮತ್ತು 16 ವರ್ಷಗಳ ಮೂರು ಹಂತಗಳಾಗಿ ಒಡೆದಿದೆ. ಆದರೆ ಆ ಪತ್ರದಿಂದ ನಿಮಗೆ ತಿಳಿಯುವುದು ಮಗುವಿನ ವಯಸ್ಸಿಗೆ ಚಿತ್ರ ಹೊಂದುತ್ತದೆಯೇ ಎಂಬುದಷ್ಟೇ ಹೊರತು ಅದರ ರಾಜಕೀಯ ಎತ್ತ ವಾಲಿದೆ ಎಂಬುದಲ್ಲ. ಬಿಡುಗಡೆಗೆ ಮುಂಚೆಯೇ ನಡೆಯುವ ಟಿವಿ ಚರ್ಚೆಗಳನ್ನು ನೋಡದಿರುವುದು ಒಳ್ಳೆಯದು. ಅವನ್ನು ನೋಡಿ ಹೋದವನು ಸಿನಿಮಾ ನೋಡುವುದಿಲ್ಲ, ಸಾಕ್ಷಿ ಹುಡುಕುತ್ತಾನೆ.

ಪರದೆಯ ಮುಂದೆ ಕುಳಿತಾಗ ಮೊದಲು ಗಮನಿಸಬೇಕಾದದ್ದು, ನಿರ್ದೇಶಕನು ತಾನು ಒಪ್ಪದ ಪಾತ್ರಕ್ಕೆ ಏನನ್ನು ಕೊಟ್ಟಿದ್ದಾನೆ ಎಂಬುದನ್ನು. ಅರ್ಚಕನೋ ಊರ ಗೌಡನೋ ತೆರೆಗೆ ಬಂದ ಕೂಡಲೇ ಹಿನ್ನೆಲೆ ಸಂಗೀತ ಕರ್ಕಶವಾಗುತ್ತದೆಯೇ? ಅವನ ಬಾಯಲ್ಲಿ ಒಂದಾದರೂ ತೂಕದ ಮಾತಿದೆಯೇ, ಅಥವಾ ನಾಯಕನಿಂದ ಪೆಟ್ಟು ತಿನ್ನುವುದಕ್ಕಷ್ಟೇ ಅವನು ಬಂದಿದ್ದಾನೆಯೇ? ಎದುರಾಳಿಗೆ ಬುದ್ಧಿಯನ್ನೇ ಕೊಡದ ಚಿತ್ರವು ಎಡದ್ದಾಗಲಿ ಬಲದ್ದಾಗಲಿ, ಅದು ಸಭೆಯ ಭಾಷಣಕ್ಕೆ ಬಣ್ಣ ಹಚ್ಚಿದ್ದು ಮಾತ್ರ.

ಎರಡನೆಯದಾಗಿ, ಟೀಕೆ ಮಾಡುವವರಿಗೆ ತಾವು ಟೀಕಿಸುವ ಲೋಕ ಗೊತ್ತಿದೆಯೇ ಎಂದು ನೋಡಬೇಕು. ಇದಕ್ಕೆ ‘ಸಂಸ್ಕಾರ’ಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿದ ಈ ಚಿತ್ರವೇ ಆಮೇಲೆ 1970ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಆಚಾರಗೆಟ್ಟ ನಾರಣಪ್ಪನ ಹೆಣ ಅಗ್ರಹಾರದಲ್ಲಿ ಬಿದ್ದಿದೆ. ಸಂಸ್ಕಾರ ಮಾಡುವವರಾರು ಎಂದು ಎಲ್ಲರೂ ಹಿಂಜರಿಯುತ್ತಿರುವಾಗ ಅವನೊಂದಿಗೆ ಬಾಳುತ್ತಿದ್ದ ಚಂದ್ರಿ ತನ್ನ ಮೈಮೇಲಿನ ಬಂಗಾರವನ್ನೆಲ್ಲ ಬಿಚ್ಚಿ ಖರ್ಚಿಗೆಂದು ಮುಂದಿಡುತ್ತಾಳೆ, ಆ ಕ್ಷಣದಿಂದ ಬ್ರಾಹ್ಮಣರ ಲೆಕ್ಕಾಚಾರವೇ ಬದಲಾಗುತ್ತದೆ. ಈ ದೃಶ್ಯ ಚುಚ್ಚುತ್ತದೆ, ನಿಜ. ಆದರೆ ಅದು ಚುಚ್ಚುವುದು ಅಲ್ಲಿಯ ಮಡಿ, ತಿಥಿ, ಪರಾನ್ನದ ಆಸೆ ಎಲ್ಲವನ್ನೂ ಬಲ್ಲವರು ಬರೆದ ಕಥೆಯಾದ್ದರಿಂದ. ಅಗ್ರಹಾರದ ಹಿರಿಯ ವಿದ್ವಾಂಸ ಪ್ರಾಣೇಶಾಚಾರ್ಯರು ಉತ್ತರಕ್ಕಾಗಿ ಗ್ರಂಥಗಳನ್ನು ತಿರುವುವುದು ನಾಟಕವಲ್ಲ, ಶ್ರದ್ಧೆಯೇ. ದುರಾಸೆ ಧರ್ಮವಲ್ಲವೆಂದು ಶಾಸ್ತ್ರವೂ ಹೇಳುತ್ತದೆಯಾದ್ದರಿಂದ ಇಂಥ ಟೀಕೆಯನ್ನು ಸಂಪ್ರದಾಯಸ್ಥನು ನುಂಗಿಕೊಳ್ಳಲೇಬೇಕು ಎಂಬುದು ನನ್ನ ಅಭಿಪ್ರಾಯ. ಜನಿವಾರ ಯಾವ ಹೆಗಲ ಮೇಲಿರಬೇಕೆಂದೂ ವಿಚಾರಿಸದೆ ಪುರೋಹಿತನ ಪಾತ್ರವನ್ನು ಹಾಸ್ಯಕ್ಕೆ ತಂದ ಚಿತ್ರಗಳ ಮಾತು ಬೇರೆ. ಅಂಥವುಗಳ ಮೇಲೆ ಮುನಿಸಿಕೊಳ್ಳಲು ನಿಮಗೆ ಪೂರ್ಣ ಹಕ್ಕಿದೆ.

ಕಠಿಣವಾದ ಕೆಲಸ ಮುಂದಿನದು: ನಮಗೆ ಹಿತವಾದ ಚಿತ್ರವನ್ನೂ ಇದೇ ಅಳತೆಗೋಲಿನಿಂದ ಅಳೆಯುವುದು. 2022ರಲ್ಲಿ ‘ಕಾಂತಾರ’ ಬಂದಾಗ ಕೋಲ, ಕಂಬಳ, ದೈವದ ನುಡಿ ಇವೆಲ್ಲ ದೊಡ್ಡ ಪರದೆಯ ಮೇಲೆ ಭಕ್ತಿಯಿಂದ ಮೂಡಿದ್ದಕ್ಕೆ ನಮ್ಮಂಥವರು ಹಿಗ್ಗಿದೆವು. ಕಾಡಿನ ಮೇಲೆ ಜನರಿಗಿರುವ ಹಕ್ಕಿನ ಕಥೆ ಎಂದು ಇನ್ನೊಂದು ಪಾಳೆಯದವರು ಹಿಗ್ಗಿದರು. ಚಿತ್ರ ನೋಡಿದರೆ ಎರಡೂ ಹಿಗ್ಗು ಅರ್ಧರ್ಧ ಎಂದು ತಿಳಿಯುತ್ತದೆ. ಅರಸನೊಬ್ಬ ದೈವಕ್ಕೆ ಮಾತು ಕೊಟ್ಟು ನೆಲ ಬಿಡುತ್ತಾನೆ, ಅವನ ವಂಶದವನು ಆ ನೆಲವನ್ನು ಮರಳಿ ಪಡೆಯಲು ಹೊರಟು ನ್ಯಾಯಾಲಯದ ಮೆಟ್ಟಿಲ ಮೇಲೆಯೇ ರಕ್ತ ಕಾರಿ ಸಾಯುತ್ತಾನೆ. ಅಂದರೆ ಬಡವರ ನೆಲವನ್ನು ಕಾಯುವುದು ಹಿರಿಯರು ಆಡಿದ ಮಾತು, ಅದನ್ನು ಮುರಿಯುವವರು ಆ ಹಿರಿಯರ ಉತ್ತರಾಧಿಕಾರಿಗಳೇ. ಸಂಪ್ರದಾಯದ ಹೆಸರಿನಲ್ಲಿ ಸಂತೋಷಪಟ್ಟು ಎದ್ದುಬಂದವರು ಈ ಎರಡನೆಯ ಮಾತನ್ನೂ ಕೇಳಿಸಿಕೊಳ್ಳಬೇಕಿತ್ತು. ಹಾಗೆಯೇ ಇತಿಹಾಸದ ಗಾಯವೊಂದನ್ನು ತೋರಿಸುವ ಚಿತ್ರಕ್ಕೆ ಸರ್ಕಾರವೇ ತೆರಿಗೆ ವಿನಾಯಿತಿ ಕೊಟ್ಟರೆ, ವಿಷಯ ಎಷ್ಟೇ ಸತ್ಯವಾಗಿರಲಿ, ಎಚ್ಚರ ಇನ್ನಷ್ಟು ಹೆಚ್ಚಬೇಕು. ನಾಳೆ ಬೇರೆ ಸರ್ಕಾರ ಬೇರೆ ಚಿತ್ರಕ್ಕೆ ಅದನ್ನೇ ಕೊಟ್ಟಾಗ ನಮಗೆ ಆಕ್ಷೇಪಿಸಲು ಬಾಯಿ ಇರುವುದಿಲ್ಲ.

ಹಿಡಿಸದ ಚಿತ್ರವನ್ನು ನಿಷೇಧಿಸಿ ಎಂದು ಬೀದಿಗಿಳಿಯುವ ಮುನ್ನ 1989ರ ಒಂದು ಪ್ರಕರಣವನ್ನು ನೆನೆಯುವುದು ಲೇಸು. ಜಾತಿಯಾಧಾರಿತ ಮೀಸಲಾತಿಯನ್ನು ಟೀಕಿಸಿದ ‘ಒರೇ ಒರು ಗ್ರಾಮತ್ತಿಲೇ’ ಎಂಬ ತಮಿಳು ಚಿತ್ರದ ಪ್ರಮಾಣಪತ್ರವನ್ನು ಮದರಾಸು ಹೈಕೋರ್ಟ್ ರದ್ದುಪಡಿಸಿತ್ತು. ಎಸ್. ರಂಗರಾಜನ್ ಪ್ರಕರಣವೆಂದೇ ಹೆಸರಾದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ, ಪ್ರತಿಭಟನೆಯ ಅಥವಾ ಹಿಂಸೆಯ ಬೆದರಿಕೆಗೆ ಮಣಿದು ಅಭಿವ್ಯಕ್ತಿಯನ್ನು ಅದುಮಲಾಗದು, ರಕ್ಷಣೆ ಕೊಡುವುದು ಸರ್ಕಾರದ ಕರ್ತವ್ಯ ಎಂದಿತು. ಅಂದು ಆ ತೀರ್ಪಿನ ನೆರಳು ಬೇಕಾಗಿದ್ದುದು ಮೀಸಲಾತಿಯನ್ನು ಪ್ರಶ್ನಿಸಿದವರಿಗೆ ಎಂಬುದನ್ನು ನಮ್ಮ ಕಡೆಯವರು ಮರೆತಂತಿದೆ.

ಮನೆಗೆ ಬಂದ ಮೇಲೆ ಮಕ್ಕಳೊಂದಿಗೆ ಮಾತನಾಡುವಾಗ ತೀರ್ಪಿನಿಂದ ಶುರುಮಾಡಬೇಡಿ. “ಅಪ್ಪ, ನಿಮಗೆ ಯಾಕೆ ಹಿಡಿಸಲಿಲ್ಲ?” ಎಂದು ಮಗಳು ಕೇಳಿದರೆ ‘ನಮ್ಮ ಸಂಸ್ಕೃತಿಗೆ ವಿರುದ್ಧ’ ಎಂಬ ಉತ್ತರ ಅವಳ ಕಿವಿಗೇ ಬೀಳುವುದಿಲ್ಲ, ಇಂಥ ದೃಶ್ಯದಲ್ಲಿ ಅಜ್ಜಿಯ ಪಾತ್ರ ಹೇಳಿದ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ, ನಕ್ಕು ಮುಂದೆ ಹೋದರು ಎಂದು ನಿರ್ದಿಷ್ಟವಾಗಿ ತೋರಿಸಿದರೆ ಅವಳು ಒಪ್ಪದಿದ್ದರೂ ಯೋಚಿಸುತ್ತಾಳೆ. ಆಕ್ಷೇಪವನ್ನು ಬರವಣಿಗೆಗೆ ಇಳಿಸುವಾಗಲೂ ಇದೇ ಕ್ರಮ. ಒಟಿಟಿಯಲ್ಲಿ ನೋಡಿದ ಚಿತ್ರವಾದರೆ 2021ರ ನಿಯಮಗಳ ಪ್ರಕಾರ ಪ್ರತಿ ಸಂಸ್ಥೆಯೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿರಬೇಕು, ಆ ಅಧಿಕಾರಿ 15 ದಿನಗಳೊಳಗೆ ನಿರ್ಧಾರ ತಿಳಿಸಬೇಕು. ಚಿತ್ರವನ್ನು ನೀವೇ ಪೂರ್ತಿ ನೋಡಿ, ದೃಶ್ಯ ಯಾವ ನಿಮಿಷದಲ್ಲಿ ಬರುತ್ತದೆ ಎಂಬುದನ್ನೂ ಚಿತ್ರದಲ್ಲಿ ನಿಮಗೆ ಆಕ್ಷೇಪವಿರುವ ಮಾತನ್ನೂ ಇದ್ದಹಾಗೆಯೇ ಎತ್ತಿ ಬರೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಕ್ಕಣೆಯನ್ನು ಅಂಟಿಸಿ ಕಳಿಸಬೇಡಿ.