ಕೆಲಸಕ್ಕೆಂದು ಕೊಡಗಿಗೆ ಹೋದಾಗ ಅಲ್ಲಿನ ಊಟ ರೂಢಿಸಿಕೊಳ್ಳುವುದು ಹೇಗೆ?

ಲೆಕ್ಕಪರಿಶೋಧನೆ, ತರಬೇತಿ, ಚುನಾವಣಾ ಕರ್ತವ್ಯ ಎಂದು ಕೊಡಗಿಗೆ ಬರುವ ಬಯಲುಸೀಮೆಯವರು ಬಸ್ ಇಳಿದ ಕೂಡಲೇ ಹುಡುಕುವುದು ಇಡ್ಲಿ ದೋಸೆಯ ಹೋಟೆಲನ್ನು. ನಾನೂ ಮೊದಲೆರಡು ಸಲ ಹಾಗೆಯೇ ಮಾಡಿದೆ. ಮೂರನೆಯ ಸಲ ಗೋಣಿಕೊಪ್ಪದ ಹತ್ತಿರ ಮಳೆಗೆ ಸಿಕ್ಕಿ ತೋಟದ ಮನೆಯೊಂದರಲ್ಲಿ ಉಳಿಯಬೇಕಾಯಿತು. ಅಂದಿನಿಂದ ಆ ಜಿಲ್ಲೆಯ ಊಟವೆಂದರೆ ನನಗೆ ಪ್ರೀತಿ.

ಆರಂಭ ಬೆಳಗಿನ ತಿಂಡಿಯಿಂದಲೇ ಆಗಲಿ. ನೂಪುಟ್ಟು ಎಂದರೆ ಒತ್ತುಶಾವಿಗೆ. ಪಾಪುಟ್ಟು ಎಂದರೆ ಅಕ್ಕಿ ತರಿಗೆ ಹಾಲು, ತೆಂಗಿನತುರಿ ಸೇರಿಸಿ ತಟ್ಟೆಯಲ್ಲಿ ಹಬೆಗಿಟ್ಟು ತುಂಡು ಮಾಡಿದ್ದು. ಅಕ್ಕಿ ಒಟ್ಟಿ ಎಂದರೆ ಅಕ್ಕಿ ರೊಟ್ಟಿ; ಅದಕ್ಕೆ ಅನ್ನವನ್ನೂ ಅಕ್ಕಿಹಿಟ್ಟನ್ನೂ ಸೇರಿಸಿ ನಾದುತ್ತಾರೆ. ಎಲ್ಲವೂ ಅಕ್ಕಿಯೇ ಆದ್ದರಿಂದ ಹೊಟ್ಟೆಗೆ ಹೊಸದೇನಲ್ಲ. ಸಸ್ಯಾಹಾರಿಗಳು ಒಟ್ಟಿಯ ಜೊತೆ ಎಳ್ಳು ಪಜ್ಜಿ ಕೇಳಿ. ಪಜ್ಜಿ ಎಂದರೆ ಚಟ್ನಿ.

ಇವು ಎಲ್ಲ ಹೋಟೆಲುಗಳಲ್ಲೂ ದಿನವೂ ಸಿಗುವುದಿಲ್ಲ. ಹೋಂಸ್ಟೇಯಲ್ಲಿ ಉಳಿದಿದ್ದರೆ ರಾತ್ರಿಯ ಊಟಕ್ಕೆ ಏನು ಬೇಕೆಂದು ಬೆಳಗ್ಗೆಯೇ ತಿಳಿಸಿ. ಹಂದಿಮಾಂಸ ತಿನ್ನುವುದಿಲ್ಲವಾದರೆ ಅದನ್ನೂ ಆಗಲೇ ಹೇಳಿಬಿಡಿ. ಬಡಿಸಿದ ಮೇಲೆ ತಟ್ಟೆ ಸರಿಸುವುದಕ್ಕಿಂತ ಅದು ಮರ್ಯಾದೆ. ನಿಮಗೆ ಕೋಳಿ ಸಾರು, ಕುಮ್ಮು ಕರಿ ಅಂದರೆ ಅಣಬೆಯ ಕರಿ, ಮಳೆಗಾಲವಾದರೆ ಬೈಂಬಳೆ ಇವೆ. ಬೈಂಬಳೆ ನಮ್ಮ ಕಳಲೆಯೇ. ಹಸಿ ಕಳಲೆಯಲ್ಲಿ ವಿಷಾಂಶವಿರುತ್ತದೆ; ಹೆಚ್ಚಿ, ನೀರು ಬದಲಿಸುತ್ತ ನೆನೆಸಿ, ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ದಾರಿಬದಿಯಲ್ಲಿ ಕೊಂಡು ಕೊಠಡಿಯಲ್ಲಿ ನೀವೇ ಅಡುಗೆ ಮಾಡಲು ಹೋಗಬೇಡಿ. ಕಾಡಿನ ಅಣಬೆಯಂತೂ ಬಲ್ಲವರ ಕೈಯಿಂದಲೇ ಬರಬೇಕು.

ಇನ್ನು ಕಡಂಬುಟ್ಟು, ಪಂದಿ ಕರಿ. ಪಂದಿ ಕರಿ ಎಂದರೆ ಹಂದಿಮಾಂಸದ ಕರಿ. ಅಕ್ಕಿ ತರಿಯನ್ನು ನೀರಿನಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಉಂಡೆ ಕಟ್ಟಿ, ಮತ್ತೆ ಹಬೆಯಲ್ಲಿ ಬೇಯಿಸಿದ್ದು ಕಡಂಬುಟ್ಟು. ಅಂದು ನಾನು ಚಮಚ ಎತ್ತಿಕೊಂಡಾಗ ಆ ಮನೆಯ ಅಕ್ಕ, ‘ಕೈಯಲ್ಲಿ ಮುರಿಯಿರಿ, ಆರಿದರೆ ಗಟ್ಟಿಯಾಗುತ್ತದೆ’ ಎಂದರು. ಹೆಬ್ಬೆರಳು ಒತ್ತಿದೆ. ಉಂಡೆ ಬಿರುಕುಬಿಟ್ಟು ಒಳಗಿನಿಂದ ಹಬೆ ಎದ್ದಿತು. ಮುರಿದ ಒರಟು ಮೈಗೆ ಕಪ್ಪು ಮಸಾಲೆ ಹತ್ತಿಕೊಂಡಿತು. ಬಾಯಿಗಿಟ್ಟಾಗ ಮೊದಲು ಮೆಣಸಿನ ಖಾರ, ಹಿಂದೆಯೇ ಹುಣಸೆಯದೂ ಅಲ್ಲದ, ನಿಂಬೆಯದೂ ಅಲ್ಲದ ಗಾಢವಾದ ಹುಳಿ.

ಆ ಹುಳಿಯೇ ಕಾಚಂಪುಳಿ. ಮಲೆನಾಡಿನವರು ಉಪ್ಪಾಗೆ ಎನ್ನುವ ಹಣ್ಣಿನ ರಸವನ್ನು ಕಪ್ಪಾಗುವವರೆಗೆ ಕುದಿಸಿ ಇಂಗಿಸಿದ್ದು. ಮಸಾಲೆಯ ಕಪ್ಪಿಗೆ ಕೊತ್ತಂಬರಿ, ಜೀರಿಗೆ, ಮೆಣಸನ್ನು ಕಡುಬಣ್ಣ ಬರುವಂತೆ ಹುರಿದದ್ದೂ ಕಾರಣ. ಬಣ್ಣ ನೋಡಿ ಸೀದಿದೆ ಎಂದುಕೊಳ್ಳಬೇಡಿ. ಮೊದಲ ಸಲಕ್ಕೆ ಎರಡು ಉಂಡೆ, ನಾಲ್ಕು ತುಂಡು ಸಾಕು. ಕೊಬ್ಬಿನ ಅಂಶ ಹೆಚ್ಚು. ಮಧ್ಯಾಹ್ನ ಸಭೆಯಿದ್ದರೆ, ಸಂಪಾಜೆ ಘಾಟಿಯಲ್ಲಿ ಬಸ್ ಪ್ರಯಾಣವಿದ್ದರೆ ಇದನ್ನು ರಾತ್ರಿಗೆ ಇಟ್ಟುಕೊಳ್ಳಿ.

ಆಗಸ್ಟ್ 3ರ ಸುಮಾರಿಗೆ ಅಲ್ಲಿದ್ದರೆ ನಿಮ್ಮ ಅದೃಷ್ಟ. ಅದು ಕೊಡವರ ಪಂಚಾಂಗದ ಕಕ್ಕಡ ತಿಂಗಳ 18ನೆಯ ದಿನ. ಮದ್ದುಸೊಪ್ಪಿನಲ್ಲಿ ಆ ದಿನ 18 ಬಗೆಯ ಔಷಧಗುಣ ಸೇರಿರುತ್ತದೆ ಎಂಬುದು ಅಲ್ಲಿನವರ ನಂಬಿಕೆ. ಸೊಪ್ಪು ಕುದಿಸಿದ ನೇರಳೆ ನೀರಿನಲ್ಲಿ ಪಾಯಸ, ಪುಟ್ಟು ಮಾಡುತ್ತಾರೆ. ತಿಂದ ಬಳಿಕ ಮೂತ್ರ ಕೆಂಪಾಗುತ್ತದೆ. ಅದು ಸೊಪ್ಪಿನ ಬಣ್ಣ, ಗಾಬರಿ ಬೇಡ.

ಹೊರಡುವ ಮುನ್ನ ಕಾಚಂಪುಳಿಯ ಸಣ್ಣ ಬಾಟಲಿಯೊಂದನ್ನು ಕೊಳ್ಳಿ. ಓರೆ ಮಾಡಿ ನೋಡಿ: ಗಾಜಿಗೆ ಅಂಟಿ ನಿಧಾನವಾಗಿ ಇಳಿದರೆ ಚೆನ್ನಾಗಿ ಇಂಗಿಸಿದ್ದು. ಕರಿ ಇಳಿಸುವ ಹೊತ್ತಿಗೆ ಒಂದು ಸಣ್ಣ ಚಮಚ ಹಾಕಿದರೆ ಸಾಕು. ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿ, ಕಚೇರಿಯ ಕಡತಗಳಿಂದ ದೂರ, ಬೇರೆ ಚೀಲದಲ್ಲಿ ನೆಟ್ಟಗೆ ನಿಲ್ಲಿಸಿ ತನ್ನಿ.